ರಣಹದ್ದುಗಳ ಸಾವಿನ ಲೆಕ್ಕದ ಜೊತೆಗೆ ಬದುಕಿನ ಲೆಕ್ಕವೂ ಬೇಕು

ಮಾನ್ಯ ಸಂಪಾದಕರೇ,

ಆಫ್ರಿಕದ ರಣಹದ್ದುಗಳು ನಮ್ಮ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಅವು ನೂರರ ಲೆಕ್ಕದಲ್ಲಿ ಸತ್ತುಬಿದ್ದಾಗ ಮಾತ್ರ. 2025ರ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಕಳ್ಳಬೇಟೆಗಾರರು ವಿಷ ಬೆರೆಸಿದ್ದ ಆನೆಯ ಕಳೇಬರವನ್ನು ತಿಂದು 123 ರಣಹದ್ದುಗಳು ಸತ್ತವು. ವಿಷವೇರಿ ನೆಲಕ್ಕೆ ಬಿದ್ದಿದ್ದ ಇನ್ನೂ ಎಂಬತ್ತಕ್ಕೂ ಹೆಚ್ಚು ಹಕ್ಕಿಗಳನ್ನು ಉದ್ಯಾನದ ಸಿಬ್ಬಂದಿ ಮತ್ತು ವನ್ಯಜೀವಿ ಸಂರಕ್ಷಣಾ ಸಂಸ್ಥೆಯಾದ ಎನ್‌ಡೇಂಜರ್ಡ್ ವೈಲ್ಡ್‌ಲೈಫ್ ಟ್ರಸ್ಟಿನವರು ಹೆಲಿಕಾಪ್ಟರ್ ಹಾಗೂ ಆಂಬುಲೆನ್ಸಿನಲ್ಲಿ ಸಾಗಿಸಿ ಚಿಕಿತ್ಸೆ ಕೊಟ್ಟರು. ಸಾಲಾಗಿ ಮಲಗಿಸಿದ್ದ ಹಕ್ಕಿಗಳ ಚಿತ್ರ ನೋಡಿದವರೆಲ್ಲ ಮರುಗಿದ್ದಾರೆ, ನಾನೂ ಮರುಗಿದ್ದೇನೆ. ಆದರೆ ನಾನು ಓದಿದ ಸುದ್ದಿಗಳಲ್ಲಿ ಒಂದು ಮಾತು ಇರಲಿಲ್ಲ. ಆ ಉದ್ಯಾನದಲ್ಲಿ ಇದ್ದ ರಣಹದ್ದುಗಳೆಷ್ಟು, ಅವನ್ನು ಎಣಿಸಿದವರು ಯಾರು, ಹೇಗೆ ಎಣಿಸಿದರು, ಹಿಂದಿನ ಎಣಿಕೆಗೂ ಈಗಿನದಕ್ಕೂ ಏನು ವ್ಯತ್ಯಾಸ ಎಂಬ ವಿವರ ಇಲ್ಲದಿದ್ದರೆ 123 ಎಂಬುದು ದೊಡ್ಡ ಸಂಖ್ಯೆಯೋ ಸಣ್ಣ ಸಂಖ್ಯೆಯೋ ಓದುಗನಿಗೆ ತಿಳಿಯುವ ಬಗೆಯೇ ಇಲ್ಲ. ಈ ಪತ್ರ ಬರೆಯಲು ಅದೇ ಕಾರಣ.

ಕ್ರೂಗರ್ ಮಟ್ಟಿಗೆ ಉತ್ತರ ಇದೆ. ಕ್ಯಾಂಬೆಲ್ ಮರ್ನ್ ಎಂಬ ಪಕ್ಷಿವಿಜ್ಞಾನಿ ಮತ್ತು ಅವರ ಸಂಗಡಿಗರು ವಿಮಾನದಿಂದ ಗೂಡುಗಳನ್ನು ಎಣಿಸಿ 2013ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಸುಮಾರು 19,500 ಚದರ ಕಿಲೋಮೀಟರ್ ವಿಸ್ತಾರದ ಆ ಉದ್ಯಾನದಲ್ಲಿ ಗೂಡು ಕಟ್ಟುತ್ತಿದ್ದ ಬಿಳಿಬೆನ್ನಿನ ರಣಹದ್ದುಗಳು 904 ಜೋಡಿ, ಲ್ಯಾಪೆಟ್ ಮುಖದ ದೊಡ್ಡ ರಣಹದ್ದುಗಳು 78 ಜೋಡಿ, ಬಿಳಿತಲೆಯವು 60 ಜೋಡಿ. ಮೇ ತಿಂಗಳಲ್ಲಿ ಸತ್ತ 123ರಲ್ಲಿ 102 ಹಕ್ಕಿಗಳು ಬಿಳಿಬೆನ್ನಿನವು. ಅವೆಲ್ಲ ಅದೇ ಉದ್ಯಾನದಲ್ಲಿ ಗೂಡು ಕಟ್ಟುವ ವಯಸ್ಕ ಹಕ್ಕಿಗಳಾಗಿದ್ದವು ಎಂದು ವಾದಕ್ಕಾಗಿ ಒಪ್ಪಿದರೆ, ಒಂದೇ ಕಳೇಬರದ ಬಳಿ ಹದಿನೆಂಟರಲ್ಲಿ ಒಂದು ಹಕ್ಕಿ ಹೋದಂತಾಯಿತು. ಅವೆಲ್ಲವೂ ಉದ್ಯಾನದವೇ ಆಗಿರಬೇಕೆಂದಿಲ್ಲ, ಮರಿಹಕ್ಕಿಗಳೂ ಇದ್ದಿರಬಹುದು, ಗಡಿಯಾಚೆಯ ಮೊಜಾಂಬಿಕ್‌ನಿಂದಲೋ ಜಿಂಬಾಬ್ವೆಯಿಂದಲೋ ಹಾರಿಬಂದವೂ ಇದ್ದಿರಬಹುದು. ಆ ಮಾತಿಗೆ ಮುಂದೆ ಬರುತ್ತೇನೆ. ಆದರೆ ದಕ್ಷಿಣ ಆಫ್ರಿಕದಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಬಿಳಿಬೆನ್ನಿನ ರಣಹದ್ದು ಮೊಟ್ಟೆಯಿಡುವ ಕಾಲ ಎಂಬುದನ್ನು ಮರೆಯಬಾರದು. ವರ್ಷಕ್ಕೆ ಒಂದೇ ಮೊಟ್ಟೆ. ಎಂಟು ವಾರ ಕಾವು, ಆಮೇಲೆ ನಾಲ್ಕು ತಿಂಗಳು ಮರಿಯ ಪಾಲನೆ, ಇದರಲ್ಲಿ ತಂದೆತಾಯಿ ಇಬ್ಬರೂ ದುಡಿಯಬೇಕು. ಒಂದು ಹಕ್ಕಿ ಸತ್ತರೆ ಇನ್ನೊಂದಕ್ಕೆ ಗೂಡನ್ನೂ ಕಾದು ಆಹಾರವನ್ನೂ ತರುವುದು ಸಾಧ್ಯವಾಗುವುದಿಲ್ಲ. ಹೀಗಾಗಿ ಸತ್ತವುಗಳ ಪಟ್ಟಿಗೆ ಸೇರದ ಮೊಟ್ಟೆಗಳೂ ಮರಿಗಳೂ ಆ ವರ್ಷ ಹಲವಾರು ಇದ್ದಿರಲೇಬೇಕು.

ಈ 904 ಎಂಬ ಅಂಕಿ ಬಂದ ಬಗೆಯನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಇಡೀ ವಿಷಯದ ತಿರುಳು ಅಲ್ಲಿದೆ. ಬಿಳಿಬೆನ್ನಿನ ರಣಹದ್ದು ಹೊಳೆ ಹಳ್ಳಗಳ ಅಂಚಿನ ಎತ್ತರದ ಮರಗಳ ನೆತ್ತಿಯಲ್ಲಿ ಕಡ್ಡಿಗಳ ಚಪ್ಪಟೆ ಗೂಡು ಕಟ್ಟುತ್ತದೆ. ನೆಲದ ಮೇಲೆ ನಿಂತವನಿಗೆ ಎಲೆಗಳ ಮರೆಯಲ್ಲಿ ಅದು ಕಾಣದೆ ಹೋಗಬಹುದು. ಮೇಲಿನಿಂದ ನೋಡಿದರೆ ಗೂಡೂ ಅದರಲ್ಲಿ ಕುಳಿತ ಹಕ್ಕಿಯೂ ಮರಿಯೂ ಚೆನ್ನಾಗಿ ಕಾಣುತ್ತವೆ. ಆದ್ದರಿಂದ ಉದ್ಯಾನದ ಆಯ್ದ ಭಾಗಗಳ ಮೇಲೆ ತಗ್ಗಿನಲ್ಲಿ ಹಾರಿ, ಕಂಡ ಗೂಡುಗಳನ್ನು ಗುರುತುಹಾಕಿಕೊಂಡು, ಕಾಣದೆ ತಪ್ಪಿದವು ಎಷ್ಟಿರಬಹುದೆಂದು ಲೆಕ್ಕ ಹಾಕಿ, ಉಳಿದ ಪ್ರದೇಶಕ್ಕೆ ಅನ್ವಯಿಸಿ ಅಂದಾಜು ಮಾಡುತ್ತಾರೆ. 904ರ ಜೊತೆಗೆ ಆ ವಿಜ್ಞಾನಿಗಳು 162ರಷ್ಟು ಹೆಚ್ಚು-ಕಡಿಮೆ ಇರಬಹುದು ಎಂಬ ಮಾತನ್ನೂ ಬರೆದಿದ್ದಾರೆ. ಅಂದರೆ ನಿಜವಾದ ಸಂಖ್ಯೆ 740ರ ಆಸುಪಾಸಿನಿಂದ 1,060ರ ಆಸುಪಾಸಿನವರೆಗೆ ಎಲ್ಲಾದರೂ ಇರಬಹುದು. ಇದನ್ನು ಅವರ ದೌರ್ಬಲ್ಯವೆಂದು ತಿಳಿಯಬಾರದು. ತನ್ನ ಎಣಿಕೆ ಎಷ್ಟರಮಟ್ಟಿಗೆ ನಂಬಲರ್ಹ ಎಂದು ತಾನೇ ಹೇಳುವವನ ಲೆಕ್ಕವನ್ನು ಮಾತ್ರ ನಂಬಬಹುದು. ಆದರೆ ಇದರಿಂದ ಹೊರಡುವ ಒಂದು ಕಷ್ಟವನ್ನು ನಾವು ಅರಿಯಬೇಕು: ಮುಂದಿನ ಎಣಿಕೆಯಲ್ಲಿ 820 ಜೋಡಿ ಸಿಕ್ಕಿದರೆ ಹಕ್ಕಿಗಳು ಕಡಿಮೆಯಾದವೋ ಅಥವಾ ಎಣಿಕೆಯ ಹೆಚ್ಚು-ಕಡಿಮೆಯೊಳಗೇ ಅದು ಸೇರಿದೆಯೋ ಎಂದು ಒಂದು ಸಲದ ಎಣಿಕೆಯಿಂದ ಹೇಳಲಾಗದು. ಐದು ಸಲ, ಹತ್ತು ಸಲ, ಅದೇ ಋತುವಿನಲ್ಲಿ, ಅದೇ ಭಾಗಗಳ ಮೇಲೆ, ಅದೇ ಕ್ರಮದಲ್ಲಿ ಹಾರಿ ಎಣಿಸಿದಾಗ ಮಾತ್ರ ಇಳಿಜಾರು ಕಣ್ಣಿಗೆ ಬೀಳುತ್ತದೆ.

ಬಯಲು ಹುಲ್ಲುಗಾವಲುಗಳಲ್ಲಿ ಇನ್ನೊಂದು ಕ್ರಮ ರೂಢಿಯಲ್ಲಿದೆ. ಗೊತ್ತಾದ ರಸ್ತೆಯಲ್ಲಿ ವಾಹನವನ್ನು ನಿಧಾನವಾಗಿ ಓಡಿಸುತ್ತಾ ಎರಡೂ ಬದಿಗೆ ಕಂಡ ರಣಹದ್ದುಗಳನ್ನು ಜಾತಿವಾರು ಬರೆದುಕೊಳ್ಳುವುದು. ಕೇಳಲು ಸುಲಭ. ಮಾಡಲು ಹೋದರೆ ತೊಡಕುಗಳು ಒಂದೊಂದಾಗಿ ಎದುರಾಗುತ್ತವೆ. ನೆಲ ಕಾದು ಬಿಸಿಗಾಳಿ ಮೇಲೇಳುವವರೆಗೆ ರಣಹದ್ದು ಮರ ಬಿಟ್ಟು ಏಳುವುದಿಲ್ಲವಾದ್ದರಿಂದ ಬೆಳಿಗ್ಗೆ ಏಳಕ್ಕೆ ಎಣಿಸಿದ ಸಂಖ್ಯೆಯೇ ಬೇರೆ, ಹನ್ನೊಂದಕ್ಕೆ ಎಣಿಸಿದ್ದೇ ಬೇರೆ. ರಸ್ತೆಯ ಪಕ್ಕದಲ್ಲಿ ಸಿಂಹ ಬೇಟೆಯಾಡಿದ್ದರೆ ಅಂದು ಎಂಬತ್ತು ಹಕ್ಕಿ ಒಂದೇ ಕಡೆ ಸಿಕ್ಕಬಹುದು, ಮರುದಿನ ಇಡೀ ದಾರಿಯಲ್ಲಿ ಮೂರು ಸಿಕ್ಕಬಹುದು. ಕೀನ್ಯಾದ ಮಸಾಯಿ ಮಾರಾದಂಥ ಕಡೆಯಂತೂ ತಾಂಜಾನಿಯಾದ ಸೆರೆಂಗೆಟಿಯಿಂದ ದೊಡ್ಡ ಹುಲ್ಲೆಗಳಾದ ವೈಲ್ಡ್‌ಬೀಸ್ಟ್ ಹಿಂಡುಗಳು ಬರುವ ತಿಂಗಳುಗಳಿಗೂ ಅವು ಹೋದ ಮೇಲಿನ ತಿಂಗಳುಗಳಿಗೂ ಅಜಗಜಾಂತರ. ಮಾರಾ ನದಿಯನ್ನು ದಾಟುವಾಗ ಮುಳುಗಿ ಸಾಯುವ ವೈಲ್ಡ್‌ಬೀಸ್ಟ್‌ಗಳೇ ವರ್ಷಕ್ಕೆ ಸರಾಸರಿ ಆರು ಸಾವಿರಕ್ಕೂ ಹೆಚ್ಚು ಎಂದ ಮೇಲೆ ಆ ಹೊತ್ತಿಗೆ ಅಲ್ಲಿ ಸೇರುವ ಹಕ್ಕಿಗಳ ಸಂಖ್ಯೆಯನ್ನು ವರ್ಷವಿಡೀ ಇರುವ ಸಂಖ್ಯೆ ಎಂದು ಓದಲಾಗದು.

ಇಷ್ಟೆಲ್ಲ ತೊಡಕುಗಳಿದ್ದರೂ ಆಫ್ರಿಕದ ರಣಹದ್ದುಗಳ ಕುಸಿತ ಜಗತ್ತಿಗೆ ತಿಳಿದದ್ದು ಬಹುಮಟ್ಟಿಗೆ ಈ ರಸ್ತೆ ಎಣಿಕೆಗಳಿಂದಲೇ. ಪಕ್ಷಿವಿಜ್ಞಾನಿ ಮುನೀರ್ ವಿರಾನಿ ಮತ್ತು ಸಹೋದ್ಯೋಗಿಗಳು ಮಸಾಯಿ ಮಾರಾದಲ್ಲಿ 1970 ಮತ್ತು 80ರ ದಶಕಗಳ ಹಳೆಯ ಎಣಿಕೆಗಳನ್ನು 2003ರ ನಂತರದ ಎಣಿಕೆಗಳೊಂದಿಗೆ ಹೋಲಿಸಿ, ಸುಮಾರು ಮೂವತ್ತು ವರ್ಷಗಳಲ್ಲಿ ರಣಹದ್ದುಗಳು ಶೇ 62ರಷ್ಟು ಕಡಿಮೆಯಾಗಿವೆ ಎಂದು 2011ರಲ್ಲಿ ತೋರಿಸಿದರು. ಜಗತ್ತಿನ ಅತ್ಯಂತ ಹೆಸರುವಾಸಿಯಾದ, ಪ್ರವಾಸಿಗರಿಂದ ತುಂಬಿತುಳುಕುವ ಸಂರಕ್ಷಿತ ಪ್ರದೇಶದ ಕಥೆ ಇದು. ಅದಕ್ಕೂ ಮೊದಲೇ ಮಧ್ಯ ಕೀನ್ಯಾದ ಲೈಕಿಪಿಯಾದಲ್ಲಿ ಡಾರ್ಸಿ ಒಗಾಡಾ ಅವರು 2001ರಿಂದ 2003ರವರೆಗಿನ ಮೂರೇ ವರ್ಷಗಳಲ್ಲಿ ರಣಹದ್ದುಗಳು ಶೇ 70ರಷ್ಟು ಕುಸಿದದ್ದನ್ನು ದಾಖಲಿಸಿದ್ದರು. ಫ್ರೆಂಚ್ ಪಕ್ಷಿವಿಜ್ಞಾನಿ ಜಾನ್-ಮಾರ್ಕ್ ತಿಯೊಲೆ ಪಶ್ಚಿಮ ಆಫ್ರಿಕದ ಬುರ್ಕಿನಾ ಫಾಸೊ, ಮಾಲಿ, ನೈಜರ್ ದೇಶಗಳ ರಸ್ತೆಗಳಲ್ಲಿ 1970ರ ಆಸುಪಾಸಿನಲ್ಲಿ ತಾವು ಮಾಡಿದ್ದ ಎಣಿಕೆಯನ್ನು ಮೂವತ್ತು ವರ್ಷಗಳ ನಂತರ ತಾವೇ ಮತ್ತೆ ಮಾಡಿದರು. ಸಂರಕ್ಷಿತ ಪ್ರದೇಶಗಳ ಹೊರಗೆ ದೊಡ್ಡ ರಣಹದ್ದುಗಳು ಹೆಚ್ಚುಕಡಿಮೆ ನಿರ್ನಾಮವಾಗಿದ್ದವು. ಉಗಾಂಡಾದಲ್ಲಿ ಡೆರೆಕ್ ಪೊಮೆರಾಯ್ ಮತ್ತು ಸಂಗಡಿಗರು ರಾಷ್ಟ್ರೀಯ ಉದ್ಯಾನಗಳ ಒಳಗೂ ಹೊರಗೂ 1970ರಿಂದ 2013ರವರೆಗಿನ ರಸ್ತೆ ಎಣಿಕೆಗಳನ್ನು ಒಟ್ಟುಗೂಡಿಸಿದ್ದಾರೆ. ಆ ದೇಶ ನಡುವೆ ಕಂಡ ಯುದ್ಧ, ಅರಾಜಕತೆ, ಉದ್ಯಾನಗಳಲ್ಲಿ ನಡೆದ ಪ್ರಾಣಿಗಳ ಕಗ್ಗೊಲೆ ಇವನ್ನೆಲ್ಲ ನೆನೆದರೆ, ಒಂದು ತಲೆಮಾರಿನ ಟಿಪ್ಪಣಿ ಪುಸ್ತಕಗಳು ಇನ್ನೊಂದು ತಲೆಮಾರಿನ ಕೈಗೆ ಸಿಕ್ಕಿದ್ದೇ ದೊಡ್ಡ ಸಂಗತಿ ಎಂದು ನನಗೆ ಅನ್ನಿಸುತ್ತದೆ.

ಹಳೆಯ ಟಿಪ್ಪಣಿ ಪುಸ್ತಕದ ಬೆಲೆ ಏನೆಂಬುದನ್ನು ಭಾರತೀಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಅವರು 1980ರ ದಶಕದ ಕೊನೆಯಲ್ಲಿ ಭರತ್‌ಪುರದ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ ಬೇಟೆಹಕ್ಕಿಗಳ ಅಧ್ಯಯನ ಮಾಡುತ್ತಾ ರಣಹದ್ದುಗಳ ಗೂಡುಗಳನ್ನೂ ಎಣಿಸಿಟ್ಟಿದ್ದರು. ಆಗ ರಣಹದ್ದು ಅಪರೂಪದ ಹಕ್ಕಿಯೇ ಅಲ್ಲ, ಅದನ್ನು ಎಣಿಸಬೇಕೆಂದು ಯಾರಿಗೂ ತೋರುತ್ತಿರಲಿಲ್ಲ. ಹತ್ತು ವರ್ಷದೊಳಗೆ ಅದೇ ಉದ್ಯಾನದಲ್ಲಿ ಮತ್ತೆ ಎಣಿಸಿದಾಗ ಗೂಡುಗಳು ಬರಿದಾಗುತ್ತಿದ್ದದ್ದು ಅವರ ಗಮನಕ್ಕೆ ಬಂತು. 1990ರ ದಶಕದ ಆರಂಭದಲ್ಲಿ ದೇಶದ ಸಂರಕ್ಷಿತ ಪ್ರದೇಶಗಳ ಒಳಗೆ ಮತ್ತು ಸುತ್ತಮುತ್ತ ನಡೆಸಿದ್ದ ರಸ್ತೆ ಎಣಿಕೆಯೂ ಅದೃಷ್ಟಕ್ಕೆ ಉಳಿದಿತ್ತು. 2000ದಲ್ಲಿ ಅದನ್ನು ಮತ್ತೆ ಮಾಡಿದಾಗ ಶೇ 90ಕ್ಕೂ ಹೆಚ್ಚು ಕುಸಿತ ಕಂಡಿತು. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವುನಿವಾರಕವೇ ಕಾರಣವೆಂದು 2004ರಲ್ಲಿ ಪತ್ತೆಯಾಗಿ, 2006ರಲ್ಲಿ ಪಶುವೈದ್ಯಕೀಯ ಬಳಕೆಗೆ ಅದನ್ನು ನಿಷೇಧಿಸಲಾಯಿತು. ಹಳೆಯ ಎರಡು ಎಣಿಕೆಗಳು ಇಲ್ಲದೆ ಹೋಗಿದ್ದರೆ ಎಷ್ಟು ಹಕ್ಕಿ ಹೋದವೆಂದು ವಾದಿಸುವುದರಲ್ಲೇ ಇನ್ನೂ ಹತ್ತು ವರ್ಷ ಕಳೆದುಹೋಗುತ್ತಿತ್ತು.

ಇಲ್ಲಿ ನನ್ನದೊಂದು ನೋವನ್ನೂ ಹೇಳಿಕೊಳ್ಳಲು ಅಪ್ಪಣೆ ಬೇಡುತ್ತೇನೆ. ನಾನು ಪ್ರಾಣಿಶಾಸ್ತ್ರ ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ, ನನಗಿಂತ ಹಿರಿಯರಾದ ಅಧ್ಯಾಪಕರೊಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಊರಾಚೆ ಸತ್ತ ದನಗಳನ್ನು ಹಾಕುತ್ತಿದ್ದ ಜಾಗದಲ್ಲಿ ರಣಹದ್ದುಗಳನ್ನು ಎಣಿಸಿ ಬರೆಸಿದ್ದ ಏಳೆಂಟು ಪುಸ್ತಕಗಳಿದ್ದವು. ವಿಭಾಗದ ಕೋಣೆಗೆ ಸುಣ್ಣ ಬಳಿಯುವಾಗ ಅವು ರದ್ದಿಗೆ ಹೋದವು. ಆಗ ನಾನು ತಡೆಯಲಿಲ್ಲ, ಏಕೆಂದರೆ ಅವುಗಳಲ್ಲಿ ಏನಿತ್ತು ಎಂಬುದು ನನಗೂ ಹೊಳೆದಿರಲಿಲ್ಲ. ಇಂದು ಆ ಜಾಗದಲ್ಲಿ ಒಂದು ರಣಹದ್ದೂ ಇಲ್ಲ. ಒಂದು ಕಾಲಕ್ಕೆ ಎಷ್ಟಿದ್ದವು ಎಂದು ಹೇಳಲು ಕಾಗದದ ತುಣುಕೂ ಇಲ್ಲ.

ಈಗ ಗಡಿಯ ವಿಷಯ. ಉದ್ಯಾನದ ಒಳಗಿನ ಎಣಿಕೆ ಎಷ್ಟೇ ನಿಖರವಾಗಿದ್ದರೂ ಅದು ರಣಹದ್ದಿನ ಬದುಕಿನ ಒಂದು ಭಾಗವನ್ನು ಮಾತ್ರ ಹೇಳುತ್ತದೆ. ಹುಲಿಗೆ, ಆನೆಗೆ ಉದ್ಯಾನದ ಗಡಿ ಸ್ವಲ್ಪವಾದರೂ ಅನ್ವಯಿಸೀತು. ಬಿಸಿಗಾಳಿಯ ಮೇಲೆ ರೆಕ್ಕೆ ಹರಡಿ ತೇಲುವ ಹಕ್ಕಿಗೆ ಬೇಲಿಯೂ ಇಲ್ಲ, ದೇಶದ ಗಡಿಯೂ ಇಲ್ಲ. ದಕ್ಷಿಣ ಆಫ್ರಿಕದಲ್ಲಿ ಬಿಳಿಬೆನ್ನಿನ ರಣಹದ್ದಿನ ಎಳೆಯ ಹಕ್ಕಿಗಳಿಗೆ ಜಿಪಿಎಸ್ ಸಾಧನ ಕಟ್ಟಿ ಹಿಂಬಾಲಿಸಿದ ಅಧ್ಯಯನದಲ್ಲಿ ಅವು ನೂರಾರು ಕಿಲೋಮೀಟರ್ ದೂರ, ದೇಶದಿಂದ ದೇಶಕ್ಕೆ ಹಾರಿದ್ದು ಮಾತ್ರವಲ್ಲ, ಹೆಚ್ಚಿನ ಸಮಯವನ್ನು ಸಂರಕ್ಷಿತ ಪ್ರದೇಶಗಳ ಹೊರಗೇ, ಜಾನುವಾರು ಸಾಕುವ ಜಮೀನುಗಳ ಮೇಲೆ ಕಳೆದದ್ದು ತಿಳಿದುಬಂತು. ಸಿಂಹವೋ ಚಿರತೆಯೋ ದನ ಹಿಡಿದ ಸಿಟ್ಟಿಗೆ ಉಳಿದ ಮಾಂಸದ ಮೇಲೆ ಕೀಟನಾಶಕ ಸುರಿಯುವುದು ನಡೆಯುವುದು ಇಂಥ ಜಮೀನುಗಳಲ್ಲಿಯೇ. ಒಳಗೆ ಗೂಡು ಕಟ್ಟಿದ ಹಕ್ಕಿ ಹೊರಗೆ ಹೋಗಿ ಸಾಯುತ್ತದೆ. ಗೂಡನ್ನು ಎಣಿಸುವವನಿಗೆ ಮುಂದಿನ ವರ್ಷ ಖಾಲಿ ಗೂಡು ಕಾಣುತ್ತದೆಯೇ ಹೊರತು ಅದು ಎಲ್ಲಿ ಹೇಗೆ ಸತ್ತಿತೆಂಬುದು ಕಾಣುವುದಿಲ್ಲ.

ಹಾಗೆಂದು ಉದ್ಯಾನಗಳಿಂದ ಪ್ರಯೋಜನವಿಲ್ಲ ಎಂದು ಯಾರಾದರೂ ಅರ್ಥಮಾಡಿಕೊಂಡರೆ ಅದು ತಪ್ಪು. ಆಫ್ರಿಕದ ಹುಲ್ಲುಗಾವಲುಗಳ 42 ಜಾತಿಯ ಬೇಟೆಹಕ್ಕಿಗಳ ರಸ್ತೆ ಎಣಿಕೆಗಳನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟವಾದ ಅಧ್ಯಯನ, ಸಂರಕ್ಷಿತ ಪ್ರದೇಶಗಳ ಹೊರಗಿನ ಕುಸಿತ ಒಳಗಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ತೀವ್ರವಾಗಿದೆ ಎಂದು ಹೇಳಿದೆ. ಬಿಳಿತಲೆಯ ರಣಹದ್ದು ಈಗ ಬಹುಪಾಲು ಸಂರಕ್ಷಿತ ಪ್ರದೇಶಗಳಲ್ಲೇ ಉಳಿದಿರುವ ಹಕ್ಕಿ; ಇಡೀ ಖಂಡದಲ್ಲಿ ಅವು ಸುಮಾರು 5,500 ಇರಬಹುದೆಂಬ ಅಂದಾಜಿದೆ. ಈ ಅಂಕಿಯನ್ನು ಪಕ್ಕದಲ್ಲಿಟ್ಟುಕೊಂಡು 2019ರ ಜೂನ್‌ನಲ್ಲಿ ಉತ್ತರ ಬೋಟ್ಸ್‌ವಾನಾದಲ್ಲಿ ನಡೆದ ಘಟನೆಯನ್ನು ಓದಿ. ವಿಷ ಹಾಕಿದ್ದ ಮೂರು ಆನೆಗಳ ಕಳೇಬರಗಳ ಬಳಿ 537 ರಣಹದ್ದುಗಳು ಸತ್ತಿದ್ದವು. ಅವುಗಳಲ್ಲಿ ಬಿಳಿಬೆನ್ನಿನವು 468, ಬಿಳಿತಲೆಯವು 17. ನಾಲ್ಕುನೂರ ಅರವತ್ತೆಂಟರ ಮುಂದೆ ಹದಿನೇಳು ಏನೂ ಅಲ್ಲ ಎನ್ನಿಸುತ್ತದೆ. ಕ್ರೂಗರ್‌ನಂಥ ದೈತ್ಯ ಉದ್ಯಾನದಲ್ಲೇ ಬಿಳಿತಲೆಯ ರಣಹದ್ದು 60 ಜೋಡಿ ಮಾತ್ರ ಇರುವುದು, ಅವು ಗುಂಪು ಕಟ್ಟದೆ ಜೋಡಿಯಾಗಿ ದೂರದೂರ ಇರುವುದು ತಿಳಿದವನಿಗೆ ಮಾತ್ರ ಆ ಹದಿನೇಳರ ಭಾರ ಅರಿವಾಗುತ್ತದೆ. ಎಣಿಕೆಯ ಬೆನ್ನಾಸರೆ ಇಲ್ಲದೆ ಸಾವಿನ ಸಂಖ್ಯೆಗೆ ಅರ್ಥವಿಲ್ಲ ಎಂದು ನಾನು ಹೇಳುತ್ತಿರುವುದು ಇದೇ ಅರ್ಥದಲ್ಲಿ.

ಆನೆದಂತದ ಕಳ್ಳರು ರಣಹದ್ದುಗಳನ್ನು ಏಕೆ ಕೊಲ್ಲುತ್ತಾರೆ ಎಂದು ಹಲವರು ನನ್ನನ್ನು ಕೇಳಿದ್ದಾರೆ. ಆಕಾಶದಲ್ಲಿ ರಣಹದ್ದುಗಳು ಸುತ್ತತೊಡಗಿದರೆ ಅಲ್ಲಿ ಏನೋ ಸತ್ತಿದೆ ಎಂದು ಅರಣ್ಯ ರಕ್ಷಕರಿಗೆ ದೂರದಿಂದಲೇ ತಿಳಿಯುತ್ತದೆ. ದಂತ ಕಿತ್ತುಕೊಂಡು ತಪ್ಪಿಸಿಕೊಳ್ಳುವವನಿಗೆ ಈ ಹಕ್ಕಿಯೇ ದೊಡ್ಡ ಗುಪ್ತಚರ. ಅದಕ್ಕೇ ಕಳೇಬರದ ಮೇಲೆ ವಿಷ. 2012ರಿಂದ 2014ರವರೆಗೆ ಏಳು ದೇಶಗಳಲ್ಲಿ ನಡೆದ ಇಂಥ ಹನ್ನೊಂದು ಪ್ರಕರಣಗಳಲ್ಲೇ 155 ಆನೆಗಳೂ 2,044 ರಣಹದ್ದುಗಳೂ ಸತ್ತದ್ದು ದಾಖಲಾಗಿದೆ. ಒಂದು ಹಕ್ಕಿ ಇಳಿಯುವುದನ್ನು ಕಂಡು ದೂರದಲ್ಲಿ ತೇಲುತ್ತಿರುವ ಇನ್ನೊಂದು, ಅದನ್ನು ಕಂಡು ಮತ್ತೊಂದು, ಹೀಗೆ ಒಂದರ ಬೆನ್ನಿಗೆ ಒಂದು ಸೇರುವುದು ರಣಹದ್ದಿನ ಸ್ವಭಾವ. ಆಹಾರ ಹುಡುಕಲು ಸಾವಿರಾರು ವರ್ಷಗಳಿಂದ ನೆರವಾಗಿದ್ದ ಈ ಗುಣವೇ ಈಗ ಒಂದು ಕಳೇಬರದ ಬಳಿ ಐನೂರು ಹಕ್ಕಿಗಳು ಸಾಯುವುದಕ್ಕೆ ದಾರಿಯಾಗಿದೆ.

ನಮ್ಮ ದೇಶದ ಕುಸಿತಕ್ಕೂ ಆಫ್ರಿಕದ ಕುಸಿತಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ, ಎಣಿಕೆಯ ಕ್ರಮವನ್ನು ನಿರ್ಧರಿಸಬೇಕಾದ್ದೂ ಇದೇ. ಔಷಧಿಯ ವಿಷ ಇಲ್ಲಿ ಊರೂರಿನಲ್ಲೂ ಅಷ್ಟಿಷ್ಟಾಗಿ ಹರಡಿ ವರ್ಷದಿಂದ ವರ್ಷಕ್ಕೆ ಹಕ್ಕಿಗಳನ್ನು ಕೊಂದಿತು. ನಾಲ್ಕು ವರ್ಷಕ್ಕೊಮ್ಮೆ ದೇಶದಾದ್ಯಂತ ರಸ್ತೆ ಎಣಿಕೆ ಮಾಡಿದರೂ ಅದರ ಗತಿ ಗೊತ್ತಾಗುತ್ತಿತ್ತು. ಆಫ್ರಿಕದಲ್ಲಿ ಪೆಟ್ಟು ಬೀಳುವುದು ಒಂದು ಮಧ್ಯಾಹ್ನ, ಒಂದು ಜಾಗದಲ್ಲಿ. ಅಲ್ಲಿ ನಿಧಾನದ ಎಣಿಕೆಯ ಜೊತೆಗೆ ತಕ್ಷಣದ ಎಚ್ಚರಿಕೆಯೂ ಬೇಕು. ಬೆನ್ನಿಗೆ ಸಾಧನ ಕಟ್ಟಿದ ಹಕ್ಕಿ ಹಗಲು ಹೊತ್ತಿನಲ್ಲಿ ಬಹಳ ಹೊತ್ತು ಅಲುಗಾಡದೆ ನೆಲದ ಮೇಲೇ ಇದ್ದರೆ, ಅಥವಾ ಸಾಧನವಿರುವ ಹಲವು ಹಕ್ಕಿಗಳು ಒಂದೇ ಕಡೆ ಇಳಿದರೆ, ರಕ್ಷಕರು ಅಲ್ಲಿಗೆ ಧಾವಿಸಿ ನೋಡುತ್ತಾರೆ. ವಿಷದ ಕಳೇಬರವಾಗಿದ್ದರೆ ಅದನ್ನು ಸುಟ್ಟುಹಾಕಿ ಇನ್ನಷ್ಟು ಹಕ್ಕಿಗಳು ಬರದಂತೆ ತಡೆಯುತ್ತಾರೆ. ದಕ್ಷಿಣ ತಾಂಜಾನಿಯಾದ ಉದ್ಯಾನಗಳಲ್ಲಿ ಅಮೆರಿಕದ ನಾರ್ತ್ ಕ್ಯಾರೊಲೈನಾ ಮೃಗಾಲಯದ ಕೊರಿನ್ ಕೆಂಡಲ್ ಮತ್ತು ಸಂಗಡಿಗರು ಹಲವು ವರ್ಷಗಳಿಂದ ಇಂಥ ಕೆಲಸದಲ್ಲಿದ್ದಾರೆ. ಎನ್‌ಡೇಂಜರ್ಡ್ ವೈಲ್ಡ್‌ಲೈಫ್ ಟ್ರಸ್ಟ್ ಮತ್ತು ಬೇಟೆಹಕ್ಕಿಗಳ ಸಂರಕ್ಷಣೆಗೆ ದುಡಿಯುವ ಪೆರೆಗ್ರಿನ್ ಫಂಡ್ ಸೇರಿ ಖಂಡದಾದ್ಯಂತ ವಿಷಪ್ರಕರಣಗಳನ್ನು ಒಂದೆಡೆ ದಾಖಲಿಸುತ್ತಿವೆ. ಎಣಿಸುವವನೇ ಕಾವಲುಗಾರನೂ ಆಗುವ ಈ ವ್ಯವಸ್ಥೆ ನನಗೆ ಬಹಳ ಮೆಚ್ಚುಗೆಯಾದದ್ದು.

ಉದ್ಯಾನಗಳ ಎಣಿಕೆಗೆ ಸಿಕ್ಕದೆ ಉಳಿಯುವ ರಣಹದ್ದೂ ಒಂದಿದೆ. ಹುಡೆಡ್ ರಣಹದ್ದು ಎಂದು ಕರೆಯುವ ಸಣ್ಣ ಜಾತಿ ಪಶ್ಚಿಮ ಆಫ್ರಿಕದಲ್ಲಿ ಹಾಗೂ ಉಗಾಂಡಾದ ಕಂಪಾಲಾದಂಥ ನಗರಗಳಲ್ಲಿ ಕಸಾಯಿಖಾನೆ, ಸಂತೆ, ಕಸದ ರಾಶಿಗಳ ಬಳಿ ಮನುಷ್ಯರ ನಡುವೆಯೇ ಬದುಕುತ್ತದೆ. 2020ರ ಆರಂಭದಲ್ಲಿ ಗಿನಿ-ಬಿಸಾವು ದೇಶದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹುಡೆಡ್ ರಣಹದ್ದುಗಳು ವಿಷದಿಂದ ಸತ್ತವು. ಕೆಲವು ಹಕ್ಕಿಗಳ ತಲೆಯೇ ಇರಲಿಲ್ಲ. ರಣಹದ್ದಿನ ತಲೆ ಅದೃಷ್ಟ ತರುತ್ತದೆ, ರೋಗ ವಾಸಿಮಾಡುತ್ತದೆ ಎಂಬ ನಂಬಿಕೆ ಅಲ್ಲಿ ಹಲವೆಡೆ ಇದೆ. 26 ದೇಶಗಳಲ್ಲಿ ವರದಿಯಾದ 7,819 ರಣಹದ್ದುಗಳ ಸಾವನ್ನು ವಿಂಗಡಿಸಿದ ಅಧ್ಯಯನವೊಂದರಲ್ಲಿ ಶೇ 61ರಷ್ಟು ವಿಷದಿಂದ, ಶೇ 29ರಷ್ಟು ನಾಟಿ ಔಷಧಿ ಮತ್ತು ಮಾಟದ ಮಾರಾಟಕ್ಕಾಗಿ ಆದವು. ಸಂತೆಯ ಹಕ್ಕಿಯನ್ನು ಸಂತೆಯಲ್ಲೇ ಎಣಿಸಬೇಕು, ಅದಕ್ಕೆ ವಿಮಾನವೂ ಬೇಡ, ಊರಿನ ಶಾಲೆಯ ಮಕ್ಕಳೂ ಮಾಡಬಹುದು.

ಎಲ್ಲವೂ ಕೆಟ್ಟ ಸುದ್ದಿಯೇ ಅಲ್ಲ. ದಕ್ಷಿಣ ಆಫ್ರಿಕದ ಕೇಪ್ ರಣಹದ್ದು ಕಡಿದಾದ ಬಂಡೆಗಳ ಮೇಲೆ ನೂರಾರು ಜೋಡಿಗಳಾಗಿ ಒಟ್ಟಿಗೆ ಗೂಡು ಕಟ್ಟುವುದರಿಂದ ಅದನ್ನು ಎಣಿಸುವುದು ತುಸು ಸುಲಭ. ಮರಕೆಲೆ ರಾಷ್ಟ್ರೀಯ ಉದ್ಯಾನದ ಕ್ರಾನ್ಸ್‌ಬರ್ಗ್ ಬಂಡೆಯಲ್ಲಿ 1980ರ ದಶಕದಿಂದಲೂ ದುರ್ಬೀನು ಹಿಡಿದು ಕುಳಿತು ಗೂಡುಗಳನ್ನು ಎಣಿಸುತ್ತಾ ಬಂದಿದ್ದಾರೆ. 2015ರಲ್ಲಿ ಆಫ್ರಿಕದ ನಾಲ್ಕು ಜಾತಿಯ ರಣಹದ್ದುಗಳನ್ನು ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅತ್ಯಂತ ಗಂಭೀರ ಅಪಾಯದ ವರ್ಗಕ್ಕೆ ಸೇರಿಸಿದಾಗ ಕೇಪ್ ರಣಹದ್ದನ್ನೂ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಅಪಾಯವರ್ಗಕ್ಕೆ ಏರಿಸಲಾಗಿತ್ತು. 2021ರಲ್ಲಿ ಅದರ ಸ್ಥಿತಿ ಸುಧಾರಿಸಿದೆ ಎಂದು ಒಂದು ಮೆಟ್ಟಿಲು ಕೆಳಗಿಳಿಸಲಾಯಿತು. ಸುಧಾರಣೆಯನ್ನು ಹೇಳಲಿಕ್ಕೂ ಯಾರೋ ಹತ್ತಾರು ವರ್ಷ ಬಂಡೆಯ ಮುಂದೆ ಕುಳಿತಿರಬೇಕಾಗುತ್ತದೆ.

ಬಂಡೆಯ ಮುಂದೆ ಕೂರುವುದು ಎಂದರೇನೆಂದು ರಾಮನಗರದವನಾದ ನನಗೆ ಸ್ವಲ್ಪ ಗೊತ್ತು. ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ವನ್ಯಜೀವಿಧಾಮ ಎಂದು ಘೋಷಿಸಿದ ಮೇಲೆ ನಾನೂ ಹಲವು ದಿನ ಬೆಳಗಿನಿಂದ ಸಂಜೆಯವರೆಗೆ ಉದ್ದಕೊಕ್ಕಿನ ರಣಹದ್ದಿಗಾಗಿ ಬಂಡೆಯ ಚಾಚುಗಳನ್ನು ನೋಡುತ್ತಾ ಕುಳಿತಿದ್ದೇನೆ. ಒಂದೂ ಕಾಣದ ದಿನ ಪುಸ್ತಕದಲ್ಲಿ ಸೊನ್ನೆ ಎಂದು ಬರೆದು, ಸಮಯ, ಗಾಳಿ, ಬಿಸಿಲು ಎಲ್ಲವನ್ನೂ ದಾಖಲಿಸಿ ಮನೆಗೆ ಬರುವುದಕ್ಕೆ ತಾಳ್ಮೆ ಬೇಕು. ಆ ಸೊನ್ನೆಯನ್ನು ಬರೆಯದೆ ಬಿಟ್ಟರೆ, ಹಕ್ಕಿ ಇರಲಿಲ್ಲವೋ ಎಣಿಸುವವನೇ ಹೋಗಿರಲಿಲ್ಲವೋ ಎಂದು ಇಪ್ಪತ್ತು ವರ್ಷದ ನಂತರ ಓದುವವನಿಗೆ ತಿಳಿಯುವುದಿಲ್ಲ. ಆಫ್ರಿಕದ ಉದ್ಯಾನಗಳ ರಕ್ಷಕರು ಕಳ್ಳಬೇಟೆಗಾರರ ಗುಂಡಿನ ಭಯದ ನಡುವೆಯೂ ಈ ಕೆಲಸ ಮಾಡುತ್ತಾರೆ ಎಂಬುದನ್ನು ನೆನೆದಾಗ ನನಗೆ ಅವರ ಬಗ್ಗೆ ಹೇಳತೀರದ ಗೌರವ ಮೂಡುತ್ತದೆ.

ಹಣದ ವಿಷಯವನ್ನು ಬಿಡುವಂತಿಲ್ಲ. ಸಂಶೋಧನೆಗೆ ಹಣ ಕೊಡುವವರು ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೆ ಕೊಡುತ್ತಾರೆ, ಹೊಸದೇನಾದರೂ ಸಿಕ್ಕಿತೇ ಎಂದು ಕೇಳುತ್ತಾರೆ. ಹಿಂದಿನ ವರ್ಷ ಎಣಿಸಿದ್ದನ್ನೇ ಈ ವರ್ಷವೂ ಎಣಿಸಿದೆವು ಎಂದರೆ ಅದರಲ್ಲಿ ಹೊಸತು ಕಾಣುವುದಿಲ್ಲ. ಆದರೆ ರಣಹದ್ದಿನ ಮರಿ ಬೆಳೆದು ತಾನೇ ಗೂಡು ಕಟ್ಟಲು ನಾಲ್ಕೈದು ವರ್ಷವಾದರೂ ಬೇಕು. ಮೂರು ವರ್ಷದ ಯೋಜನೆ ಒಂದು ಮರಿ ತಾಯಿಯಾಗುವುದನ್ನೂ ನೋಡದೆ ಮುಗಿದುಹೋಗುತ್ತದೆ. ವಲಸೆ ಜೀವಿಗಳ ಒಪ್ಪಂದದಡಿ 2017ರ ಅಕ್ಟೋಬರ್‌ನಲ್ಲಿ ಮನಿಲಾದಲ್ಲಿ ಒಪ್ಪಿಕೊಂಡ ಹನ್ನೆರಡು ವರ್ಷಗಳ ಕ್ರಿಯಾಯೋಜನೆ ಆಫ್ರಿಕ, ಯುರೋಪ್, ಏಷ್ಯಾಗಳ 15 ಜಾತಿಯ ರಣಹದ್ದುಗಳಿಗೂ 128 ದೇಶಗಳಿಗೂ ಅನ್ವಯಿಸುತ್ತದೆ. ಭಾರತವೂ ಅವುಗಳಲ್ಲಿ ಒಂದು. 2020ರಲ್ಲಿ ಆ ಒಪ್ಪಂದದ ಮಹಾಧಿವೇಶನ ಗಾಂಧಿನಗರದಲ್ಲಿ ನಮ್ಮ ಆತಿಥ್ಯದಲ್ಲೇ ನಡೆಯಿತು. ಆ ಕ್ರಿಯಾಯೋಜನೆಯ ಅವಧಿ 2029ಕ್ಕೆ ಮುಗಿಯುತ್ತದೆ. ಮುಂದಿನ ಯೋಜನೆ ಬರೆಯುವಾಗ ಉದ್ಯಾನಗಳ ಒಳಗೂ ಹೊರಗೂ ನಿಗದಿತ ದಾರಿಗಳಲ್ಲಿ, ನಿಗದಿತ ಋತುವಿನಲ್ಲಿ ನಡೆಯುವ ಎಣಿಕೆಗೆ ಕನಿಷ್ಠ ಇಪ್ಪತ್ತು ವರ್ಷಗಳ ಹಣಕಾಸನ್ನು ಮೊದಲೇ ಕಟ್ಟಿಡಬೇಕೆಂದು, ಒಮ್ಮೆ ಎಲ್ಲವನ್ನೂ ಕಳೆದುಕೊಂಡು ಪಾಠ ಕಲಿತ ಭಾರತ ಒತ್ತಾಯಿಸಬೇಕು. 2023ರಲ್ಲಿ ಕರ್ನಾಟಕ, ತಮಿಳುನಾಡು, ಕೇರಳಗಳ ಅರಣ್ಯ ಇಲಾಖೆಗಳು ಒಂದೇ ದಿನಗಳಲ್ಲಿ ಒಟ್ಟಿಗೆ ರಣಹದ್ದುಗಳನ್ನು ಎಣಿಸಿದವು. ಬಂಡೀಪುರದಲ್ಲಿ ಬೆಳಿಗ್ಗೆ ಕಂಡ ಹಕ್ಕಿ ಮಧ್ಯಾಹ್ನ ಮುದುಮಲೆಯಲ್ಲಿ ಮತ್ತೆ ಲೆಕ್ಕಕ್ಕೆ ಸಿಕ್ಕಬಾರದೆಂಬ ಸರಳ ವಿವೇಕ ಅದರ ಹಿಂದಿತ್ತು. ದಕ್ಷಿಣ ಆಫ್ರಿಕ, ಮೊಜಾಂಬಿಕ್, ಜಿಂಬಾಬ್ವೆ, ಬೋಟ್ಸ್‌ವಾನಾ, ನಮೀಬಿಯಾಗಳ ಉದ್ಯಾನಗಳ ನಡುವೆ ಹಾರುವ ಹಕ್ಕಿಗೂ ಅದೇ ವಿವೇಕ ಬೇಕು.

ಪತ್ರಿಕೆಯವರಾದ ತಮ್ಮಲ್ಲಿ ನನ್ನ ವಿನಂತಿ ಚಿಕ್ಕದು. ಮುಂದೆ ಎಲ್ಲಿಯಾದರೂ ರಣಹದ್ದುಗಳ ಸಾಮೂಹಿಕ ಸಾವಿನ ಸುದ್ದಿ ಬಂದರೆ, ಸತ್ತವು ಯಾವ ಯಾವ ಜಾತಿ, ಆ ಪ್ರದೇಶದಲ್ಲಿ ಆ ಜಾತಿಯ ಕೊನೆಯ ಎಣಿಕೆ ಎಷ್ಟು, ಅದು ಯಾವ ವರ್ಷದ್ದು, ಗೂಡಿನ ಎಣಿಕೆಯೋ ರಸ್ತೆಯ ಎಣಿಕೆಯೋ ಎಂಬ ಒಂದೆರಡು ಸಾಲುಗಳನ್ನು ಸುದ್ದಿಯ ಕೊನೆಗೆ ಸೇರಿಸಿ. ಎಣಿಕೆಯೇ ನಡೆದಿಲ್ಲವಾದರೆ ನಡೆದಿಲ್ಲ ಎಂದು ಬರೆಯಿರಿ. ಜೊತೆಗೆ, ಸೆಪ್ಟೆಂಬರ್ ತಿಂಗಳ ಮೊದಲ ಶನಿವಾರ ಬರುವ ಅಂತರರಾಷ್ಟ್ರೀಯ ರಣಹದ್ದು ಜಾಗೃತಿ ದಿನದಂದು, ಯಾವ ಹಕ್ಕಿಯೂ ಸಾಯದಿದ್ದರೂ ಸಹ, ಆಫ್ರಿಕದ ಯಾವುದಾದರೂ ಒಂದು ಉದ್ಯಾನದ ಎಣಿಕೆಯ ಕೆಲಸದ ಕುರಿತು ಅರ್ಧ ಪುಟವನ್ನಾದರೂ ಮೀಸಲಿಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ,
ರಾಮನಗರ